ಅತ್ತೆ ಜಾರಿದ ಬಂಡೆ

ತುಂಬೆಹಟ್ಟಿಯ ಬಸ್ ನಿಲ್ದಾಣದಲ್ಲಿ ಇಳಿದು 'ಗುಡ್ಡಕ್ಕೆ ಹೋಗಬೇಕು' ಎಂದರೆ ಆಟೋದವರು ಮೊದಲು ಬಾಡಿಗೆ ಹೇಳುವುದಿಲ್ಲ. ಹಿಂದಿನ ಸೀಟಿನತ್ತ ಒಮ್ಮೆ ಇಣುಕಿ, 'ಅತ್ತೇನ ಕರ್ಕಂಡು ಬಂದಿದೀರಾ, ಇಲ್ಲಾ ಬರೀ ನೋಡ್ಕಂಡು ಹೋಗಾಕೆ ಬಂದ್ರಾ?' ಎಂದು ಕೇಳುತ್ತಾರೆ. ಹೊಸಬರು ಗಲಿಬಿಲಿಗೊಳ್ಳುತ್ತಾರೆ, ಹಳಬರು ನಗುತ್ತಾರೆ. ಊರು ದಾಟಿ, ಶೇಂಗಾ ಹೊಲಗಳ ನಡುವಿನ ಮಣ್ಣುದಾರಿ ಹಿಡಿದು, ಜಾಲಿಮರಗಳ ಸಾಲು ಮುಗಿಯಿತೋ ಇಲ್ಲವೋ, ಎದುರಿಗೆ ಗುಡ್ಡ ಎದ್ದು ನಿಲ್ಲುತ್ತದೆ. ಗುಡ್ಡ ಎನ್ನುವುದಕ್ಕಿಂತ ಒಂದೇ ಕಲ್ಲು ಎನ್ನುವುದು ವಾಸಿ. ಸುತ್ತ ಎತ್ತ ನೋಡಿದರೂ ಚಪ್ಪಟೆ ಬಯಲು, ನಡುವೆ ಆನೆಯೊಂದು ಮೊಣಕಾಲೂರಿ ಮಲಗಿದ ಹಾಗೆ ಆ ಬೋಳು ಬಂಡೆ. ಅದರ ಪೂರ್ವದ ಮೈಮೇಲೆ, ನೆತ್ತಿಯಿಂದ ಬುಡದವರೆಗೆ, ಮೂರು ತಾಳೆಮರದುದ್ದ ಒಂದು ಹೊಳೆಯುವ ಜಾಡು ಇಳಿದಿದೆ. ಬೆಳಗಿನ ಬಿಸಿಲು ಬಿದ್ದಾಗ ಅದು ಬೆಳ್ಳಿಯ ಪಟ್ಟಿಯಂತೆ ಮಿನುಗುವುದನ್ನು ಹೆದ್ದಾರಿಯಿಂದಲೇ ಕಾಣಬಹುದು. ಮಳೆ ನಿಂತ ಮರುಗಳಿಗೆ ಬಂದು ನೋಡಿದರಂತೂ ಆಕಾಶವೇ ಒಂದು ಸೀಳಾಗಿ ಕಲ್ಲಿನ ಮೇಲೆ ಒರಗಿದಂತೆ ಕಾಣುತ್ತದೆ.

ಅದರ ಹೆಸರು ಅತ್ತೆಜಾರು. ನಮ್ಮ ನಾಡಿನಲ್ಲಿ ಅತ್ತೆ ಸೊಸೆಯರ ಹೆಸರು ಹೊತ್ತ ಕೆರೆಗಳಿಗೆ, ಬಾವಿಗಳಿಗೆ ಬರವಿಲ್ಲ. ಆದರೆ ಅವುಗಳ ಕತೆಯೆಲ್ಲ ದುಃಖದ್ದೇ: ಎಲ್ಲೋ ಒಬ್ಬಳು ಸೊಸೆ ಮುಳುಗಿರುತ್ತಾಳೆ, ಎಲ್ಲೋ ಒಬ್ಬಳು ಅತ್ತೆ ಕಲ್ಲಾಗಿರುತ್ತಾಳೆ. ಅತ್ತೆ ಸೊಸೆ ಇಬ್ಬರೂ ಬದುಕಿ, ಬಾಳಿ, ನಕ್ಕು, ಹೆಸರಾದ ಜಾಗ ಬಹುಶಃ ಇದೊಂದೇ ಇರಬೇಕು. ಜಾಡಿನ ವಿಷಯದಲ್ಲಿ ತಿಳಿದವರ ವಾದ ಬೇರೆ ಇದೆ. ಸಾವಿರಾರು ವರ್ಷ ನೀರು ಹರಿದು ಸವೆದದ್ದು ಎಂದು ಒಬ್ಬ ಮೇಷ್ಟರು ಬಂದು ಅಳತೆಪಟ್ಟಿ ಹಿಡಿದು ಹೇಳಿ ಹೋದರು. ಇರಬಹುದು. ಆದರೆ ನೀರು ತನ್ನಿಷ್ಟದಂತೆ ಹರಿಯುವ ಜಾತಿ. ಒಂದು ಕಡೆ ಅಗಲ, ಒಂದು ಕಡೆ ಸಪುರ. ಈ ಜಾಡು ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲ. ಅದೂ ಎಷ್ಟು? ಒಬ್ಬರ ಬೆನ್ನಿಗೆ ಒಬ್ಬರು ಅಂಟಿ ಕೂತು ಜಾರಿದರೆ ಸರಿಯಾಗಿ ಹಿಡಿಸುವಷ್ಟು. ಇದನ್ನು ನೀರಿಗೆ ಯಾರು ಹೇಳಿಕೊಟ್ಟರು ಎಂದು ಊರವರು ಕೇಳುತ್ತಾರೆ.

ಹಿಂದೆ, ಪಾಳೆಯಗಾರರು ಇನ್ನೂ ಕೋಟೆ ಕಟ್ಟುತ್ತಿದ್ದ ಕಾಲದಲ್ಲಿ, ಈ ಬಂಡೆಯ ಬುಡಕ್ಕೆ ಕಂಬಳಿ ನೇಯುವ ಕುರುಬರ ಮನೆಯೊಂದಿತ್ತು. ಮನೆಯ ಯಜಮಾನಿ ಬೀರಮ್ಮ. ಚಿಕ್ಕ ಪ್ರಾಯದಲ್ಲೇ ಗಂಡ ಕುರಿ ಮೇಯಿಸಲು ಹೋದವನು ಹೋದಲ್ಲೇ ಜ್ವರ ಬಂದು ತೀರಿಕೊಂಡಿದ್ದ. ಆ ದಿನದಿಂದ ಮಕ್ಕಳನ್ನೂ ಮಗ್ಗಗಳನ್ನೂ ಒಂದೇ ಕೈಯಲ್ಲಿ ನಡೆಸಿಕೊಂಡು ಬಂದ ಹೆಂಗಸು. ಅವಳ ಮನೆಯ ಕಂಬಳಿಗೆ ಮಳೆಯೂ ಮರ್ಯಾದೆ ಕೊಡುತ್ತದೆ ಎಂಬ ಮಾತಿತ್ತು. ಆದರೆ ಆ ಮನೆಯಲ್ಲಿ ನಗು ಎಂಬುದು ನಿಷೇಧ. 'ಮಗ್ಗದ ಮುಂದೆ ನಕ್ಕರೆ ನೂಲು ಕಡಿಯುತ್ತೆ' ಎನ್ನುವುದು ಬೀರಮ್ಮನಿಗೆ ಅವಳ ಅತ್ತೆ ಕೊಟ್ಟ ಪಾಠ. ಮಗ್ಗ ಇದ್ದದ್ದು ಮನೆಯ ನಡುಮನೆಯಲ್ಲೇ ಆದ್ದರಿಂದ, ಮನೆಯೊಳಗೆ ಎಲ್ಲಿ ನಕ್ಕರೂ ಮಗ್ಗದ ಮುಂದೆ ನಕ್ಕಂತೆಯೇ ಆಯಿತು. ಮೀಸೆ ಹೊತ್ತ ಹಿರಿಯ ಮಗ ಕಾಳಪ್ಪನೂ, ಅವನ ಹೆಂಡತಿ ಹಾಲಮ್ಮನೂ ಹಿತ್ತಲಿಗೆ ಹೋಗಿ ಬಾಯಿಗೆ ಬಟ್ಟೆ ಒತ್ತಿಕೊಂಡು ನಕ್ಕು ಬರುತ್ತಿದ್ದರಂತೆ.

ಇಂಥ ಮನೆಗೆ ಕಿರಿಯ ಮಗ ಮೈಲಾರಿಯ ಹೆಂಡತಿಯಾಗಿ ಬಂದವಳು ರೇವಕ್ಕ. ಅವಳ ತವರಿನವರು ನೇಯುವವರಲ್ಲ, ಕುರಿ ಹಿಂಡಿನ ಹಿಂದೆ ವರ್ಷವಿಡೀ ಅಲೆಯುವವರು. ಅವರಿಗೆ ಗೋಡೆಯಿಲ್ಲ, ಬಾಗಿಲಿಲ್ಲ; ನಗು ಬಂದರೆ ತಡೆಯುವುದಕ್ಕೆ ಏನೂ ಇಲ್ಲ. ರೇವಕ್ಕನಿಗೆ ನಗು ಎಂದರೆ ಸೀನು ಇದ್ದಂತೆ, ಬಂದರೆ ಬಂದೇ ಬಿಡುತ್ತಿತ್ತು. ಕಳುಹಿಸುವಾಗ ಅವಳ ತಾಯಿ ಕೈಹಿಡಿದು ಹೇಳಿದ್ದಳು: 'ನಗು ಬಂದ್ರೆ ನಾಲಿಗೆ ಕಚ್ಚು ಮಗಾ, ಸತ್ತವರನ್ನ ನೆನೆಸ್ಕೋ.' ರೇವಕ್ಕ ನಾಲಿಗೆ ಕಚ್ಚಿದಳು. ಸತ್ತ ತಾತನನ್ನು ನೆನೆಸಿಕೊಂಡಳು. ತಾತ ಮಹಾ ಹಾಸ್ಯಗಾರ. ನೆನಪಾದೊಡನೆ ಇನ್ನೂ ಜಾಸ್ತಿ ನಗು ಬರುತ್ತಿತ್ತು. ಮದುವೆಯಾಗಿ ಸ್ವಲ್ಪ ದಿನಕ್ಕೇ ಮೈಲಾರಿ ಹಿಂಡು ಹೊಡೆದುಕೊಂಡು ಹೊರಟುಹೋದ. ಹೊಸ ಮನೆಯಲ್ಲಿ ಹುಡುಗಿ ಒಬ್ಬಳೇ ಉಳಿದಳು, ಜೊತೆಗೆ ಅವಳ ನಗು.

ಒಂದು ದಿನ ದೂರದ ಪೇಟೆಯಿಂದ ಕಂಬಳಿ ಕೊಳ್ಳುವ ಶೆಟ್ಟರೊಬ್ಬರು ಬಂದು ಜಗುಲಿಯ ಮೇಲೆ ಕೂತರು. ಬೀರಮ್ಮ ಗಂಭೀರವಾಗಿ ಕಂಬಳಿಯೊಂದನ್ನು ಬಿಡಿಸಿ ಅದರ ಅಂಚು ತೋರಿಸುತ್ತಿದ್ದಳು. ಮನೆಯ ಟಗರು ಹಿಂದಿನಿಂದ ಸದ್ದಿಲ್ಲದೆ ಬಂದು ಶೆಟ್ಟರ ರುಮಾಲಿನ ತುದಿ ಬಾಯಿಗಿಟ್ಟುಕೊಂಡು ಮೆಲ್ಲಲು ಶುರುಮಾಡಿತು. ರುಮಾಲು ಒಂದೊಂದೇ ಸುತ್ತು ಬಿಚ್ಚಿಕೊಳ್ಳುತ್ತಾ ಹೋಯಿತು; ಶೆಟ್ಟರು 'ಉಣ್ಣೆ ಒರಟು, ಉಣ್ಣೆ ಒರಟು' ಎಂದು ತಲೆ ಆಡಿಸುತ್ತಲೇ ಇದ್ದರು. ಬಾಗಿಲ ಮರೆಯಲ್ಲಿದ್ದ ರೇವಕ್ಕ ತಡೆಯುವಷ್ಟು ತಡೆದಳು. ಕೊನೆಯ ಸುತ್ತು ಬಿಚ್ಚಿ ಶೆಟ್ಟರ ಬೋಳುತಲೆ ಹೊರಗೆ ಬಂದಾಗ ಅವಳ ನಗು ಜಗುಲಿಯನ್ನೇ ಅಲುಗಿಸಿತು. ಶೆಟ್ಟರು ರುಮಾಲು ಕಿತ್ತುಕೊಂಡು ಎದ್ದು ಹೋದರು. ಮತ್ತೆ ಈ ಕಡೆ ತಲೆ ಹಾಕಲಿಲ್ಲ.

ಬೀರಮ್ಮ ಕೂಗಾಡಲಿಲ್ಲ. 'ಈ ಮನೆಗೆ ನೀನು ಒಗ್ಗಲ್ಲ ಕಣಮ್ಮಿ. ನಿಮ್ಮವ್ವನ ತಾವ ಬಿಟ್ಟು ಬರ್ತಾರೆ, ಹೊರಡು' ಎಂದಳು, ಅಷ್ಟೆ. ಆದರೆ ತವರು ಎಲ್ಲಿದೆ? ಅಲೆಯುವವರ ಬೀಡು ಇವತ್ತು ಈ ಕೆರೆಯ ಹಿಂದೆ, ನಾಳೆ ಆ ಹಳ್ಳದ ಆಚೆ. ಹುಡುಕಿ ಬರಲು ಆಳು ಹೋದ. ಅವನು ಬರುವತನಕ ರೇವಕ್ಕ ಕಾಯಬೇಕಾಯಿತು. ಹುಡುಗಿ ಬಡವಾದಳು. ಮೈಲಾರಿ ತಿರುಗಿ ಬಂದಾಗ ತಾನಿಲ್ಲದ ಮನೆಗೆ ಬರುತ್ತಾನೆ ಎಂಬುದನ್ನು ನೆನೆದರೆ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ. ತವರಿನಲ್ಲಿ ತಾಯಿ ಏನೂ ಅನ್ನುವುದಿಲ್ಲ. ಏನೂ ಅನ್ನದೆ ಬೀಡಿನ ಮೂಲೆಯಲ್ಲಿ ಒಂದು ಚಾಪೆ ಹಾಸುತ್ತಾಳೆ, ಅದೇ ಸಂಕಟ. 'ಅತ್ತೆಮ್ಮನ ಕಾಲು ಹಿಡಿಯೇ' ಎಂದು ಹಾಲಮ್ಮ ಪಿಸುಗುಟ್ಟಿದಳು. 'ಹಿಡೀತೀನಿ ಅಕ್ಕಾ. ಹಿಡ್ಕಂಡಾಗ ನಗು ಬಂದ್ರೆ?' ಎಂದಳು ರೇವಕ್ಕ, ಕಣ್ಣೀರು ಒರೆಸಿಕೊಳ್ಳುತ್ತಾ. ಹಾಲಮ್ಮ ಅವಸರವಾಗಿ ಹಿತ್ತಲಿಗೆ ಹೋಗಬೇಕಾಯಿತು.

ಆಳು ತಿರುಗಿ ಬಂದ. ಬೀಡು ಸಿಕ್ಕಿತ್ತು. ಮರುದಿನ ಬೆಳಿಗ್ಗೆ ನೂಲಿಗೆ ಗಂಜಿ ಹಾಕುವ ಕೆಲಸ ಮುಗಿದೊಡನೆ ರೇವಕ್ಕ ಹೊರಡುವುದು ಎಂದು ಗೊತ್ತಾಯಿತು. ಇಲ್ಲಿ ಗಂಜಿಯ ವಿಷಯ ಒಂದು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಹುಣಸೆಬೀಜ ಹುರಿದು, ಸಿಪ್ಪೆ ತೆಗೆದು, ಅರೆದು, ಕುದಿಸಿದರೆ ಅಂಟಂಟಾದ ಗಂಜಿಯಾಗುತ್ತದೆ. ಮಗ್ಗಕ್ಕೆ ಏರಿಸುವ ಮುಂಚೆ ಉಣ್ಣೆಯ ನೂಲನ್ನು ಬಂಡೆಯ ನೆತ್ತಿಯಲ್ಲಿ ಗೂಟಗಳ ನಡುವೆ ಎಳೆದು ಕಟ್ಟಿ, ಈ ಗಂಜಿಯನ್ನು ಕುಂಚದಲ್ಲಿ ಸವರಿ ಒಣಗಿಸುತ್ತಾರೆ; ನೂಲು ಗಟ್ಟಿಯಾಗುತ್ತದೆ. ಉಳಿದ ಗಂಜಿಯನ್ನು ದೂರ ಒಯ್ದು ಬೇಲಿಗೆ ಸುರಿಯುವುದು ಪದ್ಧತಿ. ಬಂಡೆಯ ಮೇಲೆ ಚೆಲ್ಲಿದರೆ ಒಣಗಿದಾಗ ಕಣ್ಣಿಗೆ ಕಾಣುವುದಿಲ್ಲ, ಆದರೆ ರಾತ್ರಿಯ ಇಬ್ಬನಿ ಕುಡಿದರೆ ಲೋಳೆಸರದಂತಾಗುತ್ತದೆ. ನೇಯುವ ಮನೆಯ ಕೂಸುಗಳಿಗೂ ಇದು ಗೊತ್ತು. ಹುಟ್ಟಿನಿಂದ ಗೊತ್ತಿರುವುದನ್ನು ಯಾರಿಗೆ ಯಾರು ಹೇಳಿಕೊಡುತ್ತಾರೆ? ರೇವಕ್ಕನಿಗೆ ಯಾರೂ ಹೇಳಿರಲಿಲ್ಲ. ಹೋಗುವವಳು ಕೊಳೆ ಪಾತ್ರೆ ಬಿಟ್ಟು ಹೋದಳು ಎಂಬ ಮಾತು ಬೇಡವೆಂದು, ಹಿಂದಿನ ಸಂಜೆ, ಅವತ್ತಿನ ಕೆಲಸದಲ್ಲಿ ಉಳಿದಿದ್ದ ಗಂಜಿಯ ಮಡಕೆಗಳನ್ನೆಲ್ಲ ಬಂಡೆಯ ನೆತ್ತಿಯಲ್ಲೇ ಇಟ್ಟುಕೊಂಡು ಧಾರಾಳವಾಗಿ ನೀರು ಹೊಯ್ದು ತಿಕ್ಕಿ ತೊಳೆದಳು. ತೊಳೆದ ನೀರು ಪೂರ್ವದ ಇಳಿಜಾರಿನ ಉದ್ದಕ್ಕೂ ಸಾವಕಾಶವಾಗಿ ಹರಿದುಹೋಯಿತು.

ಆ ಇಳಿಜಾರಿನ ತಲೆಯಲ್ಲೇ ಬೀರಮ್ಮನ ಕೂರುವ ಜಾಗ. ಬೆಳಿಗ್ಗೆ ಎಂದಿನಂತೆ ಬಂದಳು, ಮಡಿಸಿದ ಕಂಬಳಿ ಹಾಸಿದಳು, ಕೂತಳು, ಕೂತೊಡನೆ ಶುರುಮಾಡಿದಳು. 'ಏ ಕಾಳಾ, ಗೂಟ ಸಡ್ಲ ಬಿಟ್ಟೀಯಲ್ಲೋ, ನಿಮ್ಮಪ್ಪ ನೋಡಿದ್ರೆ ಎದ್ದು ಬಂದಾನು! ಹಾಲೀ, ಕುಂಚ ಹಿಡಿಯೋದು ಹಂಗೇನೇ, ಮುದ್ದೆ ತೊಳಸ್ತೀಯಾ? ಇನ್ನು ಅವಳು, ಆ ನಗೆಗೇಡಿ...' ಎಂದು ರೇವಕ್ಕನ ಕಡೆಗೆ ತೋರುಬೆರಳು ಎತ್ತಿದ್ದಷ್ಟೇ. ಕಂಬಳಿ ಸರಿಯಿತು. 'ನಗೆಗೇಡಿ' ಎಂಬುದರ 'ಡಿ' ಉದ್ದವಾಗಿ, ತೆಳ್ಳಗಾಗಿ, ದೂರವಾಗುತ್ತಾ ಹೋಯಿತು. ಎಲ್ಲರೂ ತಿರುಗಿ ನೋಡುವಷ್ಟರಲ್ಲಿ ಬೀರಮ್ಮ ಕೂತ ಭಂಗಿಯಲ್ಲೇ, ಎತ್ತಿದ ಬೆರಳು ಎತ್ತಿದಂತೆಯೇ, ಸೀರೆಯ ಸೆರಗು ಬಾವುಟದಂತೆ ಹಾರುತ್ತಾ, ಬಂಡೆಯ ಮೈಮೇಲೆ ಬಾಣದ ಹಾಗೆ ಇಳಿದುಹೋಗುತ್ತಿದ್ದಳು. ಆ ಬೈಗುಳ ನೆತ್ತಿಯಲ್ಲಿ ಶುರುವಾಗಿ ಬುಡದಲ್ಲಿ ಮುಗಿಯಿತು ಎನ್ನುತ್ತಾರೆ.

'ಅವ್ವಾ!' ಎಂದು ಕಾಳಪ್ಪ ಚೀರಿದ. ಪಕ್ಕದ ಮೆಟ್ಟುದಾರಿಯಲ್ಲಿ ಎಲ್ಲರಿಗಿಂತ ಮೊದಲು ಓಡಿದವಳು ರೇವಕ್ಕ. ಆಡಿನ ಕಾಲು ಅವಳದು. ಓಡುತ್ತಲೇ ಅವಳಿಗೆ ಎಲ್ಲ ಹೊಳೆಯಿತು: ಮಡಕೆ, ನೀರು, ಗಂಜಿ. ನಾನೇ ಕೊಂದೆ. 'ಬೀರಪ್ಪಾ, ನನ್ನ ಕಳಿಸಿಬಿಡು, ಎಲ್ಲಿಗಾದ್ರೂ ಕಳಿಸು, ಅತ್ತೆಮ್ಮನ ಉಳಿಸು' ಎಂದು ಕುಲದೇವರನ್ನು ಬೇಡಿಕೊಳ್ಳುತ್ತಾ ಬುಡಕ್ಕೆ ಬಂದು ನಿಂತಳು. ಮಳೆಗಾಲದ ನೀರು ತಂದು ಒಟ್ಟಿದ್ದ ಮರಳಿನ ದಿಬ್ಬದ ಮೇಲೆ ಬೀರಮ್ಮ ಕೂತಿದ್ದಳು. ಬಿದ್ದಿರಲಿಲ್ಲ, ಕೂತಿದ್ದಳು. ಕೂದಲು ನಾಲ್ಕು ದಿಕ್ಕಿಗೂ ಕೆದರಿ, ಹುಬ್ಬಿನ ಮೇಲೆ ಮರಳು, ಮೂಗಿನ ಮೇಲೆ ಮರಳು. ತೋರುಬೆರಳು ಇನ್ನೂ ಗಾಳಿಯಲ್ಲೇ ಇತ್ತು. ಜಗುಲಿಯ ಮೇಲೆ ಕೂತು ವ್ಯಾಪಾರ ಮಾಡುವಾಗಿನ ಅದೇ ಗಾಂಭೀರ್ಯ. ರೇವಕ್ಕ ನಾಲಿಗೆ ಕಚ್ಚಿದಳು. ತಾತನನ್ನು ಮಾತ್ರ ನೆನೆಯಬಾರದು ಎಂದುಕೊಂಡಳು. ಅಂದುಕೊಂಡದ್ದೇ ತಪ್ಪಾಯಿತು. ಭಯ, ಅಳು, ನೆಮ್ಮದಿ ಮೂರೂ ಒಂದೇ ಬಾಗಿಲಲ್ಲಿ ನುಗ್ಗಿದ ಹಾಗೆ, ಅವಳ ಜೀವಮಾನದ ದೊಡ್ಡ ನಗು ಅಲ್ಲೇ ಒಡೆಯಿತು.

ಹಿಂದೆ ಓಡಿಬಂದವರು ನಿಂತಲ್ಲೇ ಕಲ್ಲಾದರು. ಹುಡುಗಿಯ ಕತೆ ಇಲ್ಲಿಗೆ ಮುಗಿಯಿತು ಎಂದು ಹಾಲಮ್ಮ ಕಣ್ಣು ಮುಚ್ಚಿಕೊಂಡಳು. ಬೀರಮ್ಮ ಬಾಯಿಂದ ಮರಳು ಉಗಿದಳು.

'ಮಡಕೆ ತೊಳೆದೋಳು ಯಾರೇ?'

'ನಾನೇ ಅತ್ತೆಮ್ಮ.'

'ಬಂಡೆ ಮ್ಯಾಲಾ?'

'ಹೂಂ, ಬಂಡೆ ಮ್ಯಾಲೇ.'

'ಬಾ ಇಲ್ಲಿ' ಎಂದು ಬೀರಮ್ಮ ಎದ್ದು, ಕಂಬಳಿ ಹೆಗಲಿಗೆ ಹಾಕಿಕೊಂಡು, ರೇವಕ್ಕನ ಮಣಿಕಟ್ಟು ಹಿಡಿದು ಮೆಟ್ಟುದಾರಿ ಏರತೊಡಗಿದಳು. ಯಾರಿಗೂ ಹತ್ತಿರ ಹೋಗುವ ಧೈರ್ಯವಾಗಲಿಲ್ಲ. 'ಅತ್ತೆಮ್ಮ, ಬ್ಯಾಡ! ಚಿಕ್ಕ ಹುಡುಗಿ, ತಳ್ಳಬ್ಯಾಡಿ!' ಎಂದು ಹಾಲಮ್ಮ ಕೆಳಗಿನಿಂದ ಗೋಳಿಟ್ಟಳು. ನೆತ್ತಿಗೆ ಬಂದ ಮೇಲೆ ಬೀರಮ್ಮ ಅದೇ ಜಾಗದಲ್ಲಿ ಕಂಬಳಿ ಹಾಸಿ, ಮುಂದೆ ತಾನು ಕೂತು, ತಿರುಗಿ ನೋಡದೆ ಹೇಳಿದಳು: 'ಕೂತ್ಕ ಹಿಂದೆ. ನನ್ನ ಸೊಂಟ ಹಿಡ್ಕ.' ರೇವಕ್ಕನಿಗೆ ತನ್ನ ಕಿವಿಯ ಮೇಲೇ ನಂಬಿಕೆಯಾಗಲಿಲ್ಲ. ನಡುಗುತ್ತಾ ಕೂತಳು. ಅತ್ತೆಯ ಬೆನ್ನು ಕೆನ್ನೆಗೆ ತಾಕಿತು. ಆ ಬೆನ್ನೂ ಸಣ್ಣಗೆ ನಡುಗುತ್ತಿತ್ತು. ಕೋಪಕ್ಕೋ ಭಯಕ್ಕೋ ಎಂದು ಅವಳು ಗಾಬರಿಯಾಗುವಾಗಲೇ ಬೀರಮ್ಮ ಮೆಲ್ಲಗೆ, ಮತ್ತೆ ಯಾರಿಗೂ ಕೇಳದಂತೆ ಅಂದಳು: 'ಈ ಮನೆಗೆ ಬಂದಾಗ ನಂಗೆ ನಿನಗಿಂತ ಚಿಕ್ಕ ವಯಸ್ಸು ಕಣೆ. ಅವತ್ತಿಂದ ಇಲ್ಲೇ ಕೂತು ಈ ಇಳಿಜಾರು ನೋಡ್ತಾ ಇದೀನಿ. ದಿನಾ ನೋಡ್ತೀನಿ, ದಿನಾ ಎದ್ದು ಹೋಗ್ತೀನಿ. ಯಾರಾದ್ರೂ ತಳ್ಳೋರು ಬೇಕಾಗಿತ್ತು.'

ಇಬ್ಬರೂ ಇಳಿದರು. ಅಭ್ಯಾಸಬಲದಿಂದ ಬೀರಮ್ಮ ಬೈಗುಳದಲ್ಲೇ ಶುರುಮಾಡಿದಳಂತೆ. ಕಾಳನನ್ನು, ಹಾಲಿಯನ್ನು, ಶೆಟ್ಟರನ್ನು, ಟಗರನ್ನು. ಬಂಡೆಯ ನಡುಮಧ್ಯಕ್ಕೆ ಬರುವಾಗ ಆ ಬೈಗುಳ ಎಲ್ಲೋ ಮಗ್ಗುಲು ಬದಲಿಸಿತು. ಒಣಬಾವಿಗೆ ನೀರು ಬಂದಾಗ ಮೊದಲು ಒಂದು ಗುಟುರು ಕೇಳಿ ಆಮೇಲೆ ಊಟೆ ಏಳುತ್ತದಲ್ಲ, ಹಾಗೆ ಆ ಹೆಂಗಸಿನೊಳಗಿಂದ ನಗು ಎದ್ದು ಬಂತು. ಒಬ್ಬಳ ನಗುವಿಗೆ ಇನ್ನೊಬ್ಬಳ ನಗು ಸೇರಿ, ಬಂಡೆಗೆ ತಾಗಿ, ತಿರುಗಿ ಬಂದು, ಬಯಲಿಗೆಲ್ಲ ಚೆಲ್ಲಿತು. ಮೇಯುತ್ತಿದ್ದ ಕುರಿಗಳು ಒಮ್ಮೆಗೇ ತಲೆಯೆತ್ತಿ ನಿಂತವು. ಮಗ್ಗದಲ್ಲಿದ್ದವರು ಹೊರಗೆ ಓಡಿಬಂದರು. ಒಳಗೆ ಒಂದು ಎಳೆಯೂ ಕಡಿದಿರಲಿಲ್ಲ. ಕಾಳಪ್ಪ ಬಾಯಿ ತೆರೆದು ನೋಡುತ್ತಿದ್ದ. ತಾಯಿಗೆ ಬಲಗಡೆ ಒಂದು ಹಲ್ಲಿಲ್ಲ ಎಂಬುದು ಆ ಮಗನಿಗೆ ಗೊತ್ತಾದದ್ದು ಅವತ್ತೇ. ಏನು ಮಾಡಬೇಕೆಂದು ತೋಚದೆ ಅವನು ರುಮಾಲು ತೆಗೆದು ಬಂಡೆಗೆ ಕೈಮುಗಿದನಂತೆ.

ರೇವಕ್ಕನನ್ನು ಬಿಟ್ಟುಬರಲು ಬುತ್ತಿ ಕಟ್ಟಿಕೊಂಡು ನಿಂತಿದ್ದ ಆಳನ್ನು ಬೀರಮ್ಮ ಹತ್ತಿರ ಕರೆದಳು. 'ಬುತ್ತಿ ಬಿಚ್ಚಿ ಇಲ್ಲೇ ಉಣ್ಣು. ಉಂಡ ಮ್ಯಾಲೆ ಹೋಗಿ ಇವರವ್ವಂಗೆ ಹೇಳು, ಮಗಳು ಬರಲ್ಲ ಅಂತ. ಬೀಗಿತ್ತಿಗೆ ನೋಡಬೇಕು ಅನ್ನಿಸಿದ್ರೆ ಅವಳೇ ಬರಲಿ, ಅವಳನ್ನೂ ಜಾರಿಸಿ ಕಳಿಸ್ತೀನಿ.' ರೇವಕ್ಕ ಆಗ ಅತ್ತಳು. ನಗುವನ್ನು ತಡೆಯಲು ಬಾರದವಳಿಗೆ ಅಳುವನ್ನೂ ತಡೆಯಲು ಬರುವುದಿಲ್ಲ ಎಂದು ಅವತ್ತು ಎಲ್ಲರಿಗೂ ತಿಳಿಯಿತು.

ಅಲ್ಲಿಂದ ಅದು ಮನೆಯ ನೇಮವಾಯಿತು. ಆ ಮನೆಗೆ ಯಾವ ಸೊಸೆ ಬಂದರೂ ಹೊಸಿಲು ತುಳಿಯುವ ಮುಂಚೆ ಅತ್ತೆಯ ಜೊತೆ ಒಂದೇ ಕಂಬಳಿಯ ಮೇಲೆ ಜಾರಬೇಕು. ಹಿಂದಿನ ಸಂಜೆ ಗಂಜಿ ತೊಳೆದ ನೀರು ಹರಿಸುವುದು ಗಂಡಸರ ಕೆಲಸ; ಹಿಂಡಿನೊಡನೆ ತಿರುಗಿ ಬಂದ ಮೈಲಾರಿಯ ಪಾಲಿಗೂ ಅದು ಬಂತು. ಅತ್ತೆ ಮುಂದೆ, ಸೊಸೆ ಹಿಂದೆ. ನೆತ್ತಿಯಿಂದ ಬುಡದವರೆಗೆ ಅತ್ತೆ ಬೈಯುತ್ತಲೇ ಇರಬೇಕು. ನಡುವೆ ನಗು ಬಂದು ಬೈಗುಳ ನಿಂತರೆ ಅತ್ತೆ ಸೋತಂತೆ, ಅವತ್ತಿನ ಹಬ್ಬದಡುಗೆ ಅವಳದೇ. ಈ ಪಂದ್ಯದಲ್ಲಿ ಗೆದ್ದ ಅತ್ತೆ ಇದುವರೆಗೆ ಹುಟ್ಟಿಲ್ಲ. ಹೊಸ ಸೊಸೆಯ ಮೊದಲ ಊಟ ಅತ್ತೆಯ ಕೈಯದೇ ಆಗಬೇಕು ಎಂಬ ಇಂದಿನ ರೂಢಿಗೆ ಮೂಲ ಇದೇ.

ಬೀರಮ್ಮ ಬಹಳ ಕಾಲ ಬಾಳಿದಳು. ಕೊನೆಕೊನೆಗೆ ಕಣ್ಣು ಕಾಣದಾಯಿತು. ಹಾಲಮ್ಮನ ಎರಡನೆಯ ಮಗನ ಮದುವೆಯಾದಾಗ, ಈ ಸಲ ಅಜ್ಜಿಗೆ ತೊಂದರೆ ಕೊಡುವುದು ಬೇಡವೆಂದು ಎಲ್ಲರೂ ಸುಮ್ಮನಿದ್ದರೆ, ಅವಳೇ ಕೋಲು ಕುಟ್ಟಿದಳು. 'ಕಣ್ಣಿಲ್ಲದೋಳು ನೀನು, ಹೆಂಗೆ ಅತ್ತೆಮ್ಮ?' ಎಂದಳು ರೇವಕ್ಕ. 'ಜಾರೋಕೆ ದಾರಿ ಹುಡುಕಬೇಕೇನೇ?' ಎಂದಳು ಬೀರಮ್ಮ. ಕಂಬಳಿಯ ಜೋಲಿಯಲ್ಲಿ ಅವಳನ್ನು ಹೊತ್ತು ನೆತ್ತಿಗೆ ತಂದರು. ಕೂರುವ ಮುನ್ನ ಮುದುಕಿ ಕಲ್ಲನ್ನು ಬೆರಳಿನಿಂದ ತಡವಿದಳು. ಮತ್ತೆ ತಡವಿದಳು. ಅವಳ ಮುಖದಲ್ಲಿ ಒಂದು ಬೆರಗು ಮೂಡಿತು. 'ರೇವೀ, ಇಲ್ಲಿ ಕೈಯಿಡು. ಒರಟು ಹೋಗೈತೆ ಕಣೆ. ಕಲ್ಲು ಜಾಗ ಬಿಡ್ತಾ ಐತೆ.' ರೇವಕ್ಕ ಮಂಡಿಯೂರಿ ಕೈಯಿಟ್ಟಳು. ಹೌದು, ಅಕ್ಕಪಕ್ಕದ ಕಲ್ಲು ಕಂಬಳಿಯಂತೆ ಒರಟು, ನಡುವಿನ ಒಂದು ಪಟ್ಟಿ ಮಾತ್ರ ಮಗುವಿನ ಕೆನ್ನೆ. ಕೋಟೆಗೆ ಕಲ್ಲು ತೆಗೆಯಲು ಬಂದ ಪಾಳೆಯಗಾರರ ಉಳಿಗೂ ಬಗ್ಗದ ಬಂಡೆ, ತಮ್ಮ ಮನೆಯ ಒಂದು ಆಟಕ್ಕೆ ಬಗ್ಗುತ್ತಿದೆ. ಸುತ್ತ ನಿಂತವರಿಗೆ ಮೈ ಜುಮ್ಮೆಂದಿತು. ಅಷ್ಟು ಹೊತ್ತಿಗೆ ಮುದುಕಿಯೇ, 'ಏನ್ರೋ, ಕಲ್ಲಿಗಿಂತ ಗಟ್ಟಿಯಾಗಿ ನಿಂತೀರಿ, ತಳ್ರೋ!' ಎಂದು ಗದರಿದಳು. ಹಿಂದೆ ಹಾಲಮ್ಮ, ಅವಳ ಹಿಂದೆ ಹೊಸ ಹುಡುಗಿ. ಅದೇ ಅವಳ ಕೊನೆಯ ಜಾರು. ಆ ವರ್ಷದ ಬೇಸಿಗೆಯಲ್ಲಿ ಅವಳು ಹೋದಳು.

ಮುಂದಿನ ಮದುವೆಯಲ್ಲಿ ಬೀರಮ್ಮನ ಜಾಗದಲ್ಲಿ ಕೂರಲು ಹಾಲಮ್ಮನಿಗೆ ಕಾಲು ಬರಲಿಲ್ಲ. ನೇಮ ಅಲ್ಲಿಗೇ ನಿಂತುಬಿಡುತ್ತಿತ್ತೋ ಏನೋ. ಆಗ ರೇವಕ್ಕ ಹೋಗಿ ಕಂಬಳಿ ಹಾಸಿ ಕೂತು, ಎಲ್ಲರೂ ಬೆಚ್ಚಿಬೀಳುವಂತೆ, ಬೀರಮ್ಮನದೇ ಗಂಟಲಲ್ಲಿ, 'ಏ ಕಾಳಾ, ಗೂಟ ಸಡ್ಲ ಬಿಟ್ಟೀಯಲ್ಲೋ!' ಎಂದು ಕೂಗಿದಳು. ಮೊಮ್ಮಕ್ಕಳ ಎದುರು ಅಜ್ಜನಾಗಿ ಕೂತಿದ್ದ ಕಾಳಪ್ಪ ಥಟ್ಟನೆ ಎದ್ದು ಗೂಟ ಹುಡುಕಿದನಂತೆ. ಆಮೇಲೆ ಅತ್ತರೋ ನಕ್ಕರೋ ಎಂದು ಹೇಳುವುದು ಕಷ್ಟ. ಕಂಬಳಿ ಅಂತೂ ಇಳಿಯಿತು. ಒಂದು ಮನೆಯ ಆಟ ಕೇರಿಯದಾಯಿತು, ಕೇರಿಯದು ಊರಿನದಾಯಿತು. ಅದುವರೆಗೆ ಬೋಳುಗುಡ್ಡ ಎನ್ನುತ್ತಿದ್ದವರು ಅತ್ತೆಜಾರು ಎನ್ನತೊಡಗಿದರು.

ಇವತ್ತಿಗೂ ಮದುವೆಯ ಕಾಲದಲ್ಲಿ ಇಲ್ಲಿಗೆ ಬಂದರೆ ನೋಡಬೇಕು. ಜಾತಿ ಯಾವುದೋ, ಊರು ಯಾವುದೋ. ವ್ಯಾನು, ಟ್ರ್ಯಾಕ್ಟರು, ಕಾರು ಮಾಡಿಕೊಂಡು ಬರುತ್ತಾರೆ. 'ಅಯ್ಯೋ ನಂಗೆ ಸೊಂಟನೋವು, ಫೋಟೋ ಹೊಡ್ಕಂಡು ಹೋಗೋಣ' ಎನ್ನುವ ಅತ್ತೆಯರೇ ಹತ್ತು ನಿಮಿಷದಲ್ಲಿ ಸೆರಗು ಬಿಗಿದು ಸಾಲಿನಲ್ಲಿ ಮುಂದೆ ನಿಂತಿರುತ್ತಾರೆ. ಮದುವೆಯ ಕಾಲ ಮುಗಿದ ಮೇಲೆ ಬಂದವರಿಗೆ ಬಂಡೆ ಸುಮ್ಮನೆ ಮಲಗಿರುತ್ತದೆ, ಗಾಳಿ ಬಿಟ್ಟರೆ ಬೇರೆ ಸದ್ದಿಲ್ಲ. ಆಗಲೇ ನೆತ್ತಿಗೆ ಹೋಗಿ, ಜಾಡು ಶುರುವಾಗುವ ಜಾಗವನ್ನು ಬಗ್ಗಿ ನೋಡಬೇಕು. ಎಡಕ್ಕೊಂದು, ಬಲಕ್ಕೊಂದು, ಕಲ್ಲಿನಲ್ಲಿ ಎರಡು ಸಣ್ಣ ತಗ್ಗುಗಳಿವೆ. ಯಾರೂ ಕೆತ್ತಿದ್ದಲ್ಲ. ಮುಂದೆ ಕೂತ ಹೆಂಗಸರು, ತಲೆಮಾರಿನ ಮೇಲೆ ತಲೆಮಾರು, ಕೈಬಿಡುವ ಮುನ್ನ ಒಂದು ಗಳಿಗೆ ಊರಿ ಹಿಡಿದ ಅಂಗೈಗಳ ಗುರುತು. ಬಂದವರು ತಮ್ಮ ಅಂಗೈಯನ್ನು ಅವುಗಳಲ್ಲಿ ಇಟ್ಟು ನೋಡುತ್ತಾರೆ. ಬಿಸಿಲಿಗೆ ಕಲ್ಲು ಬೆಚ್ಚಗಿರುತ್ತದೆ, ಅಳತೆ ಸರಿಯಾಗಿ ಕೂರುತ್ತದೆ. ಕೈಯಿಟ್ಟವರು, ಯಾರೂ ಹೇಳಿಕೊಡದಿದ್ದರೂ, ಹಿಂದೆ ಯಾರಾದರೂ ಕೂತಿದ್ದಾರೆಯೇ ಎಂದು ಒಮ್ಮೆ ತಿರುಗಿ ನೋಡುತ್ತಾರೆ.